ಕಡಿಮೆ ದರದ ಸೂಜಿ

ಅರಸೀಕೆರೆಯಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ. ಅಲ್ಲಿ ನಾನು ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದೆ. ಕೊನೆಯ ಆರು ವರ್ಷ ವಾರ್ಡಿನ ಉಸ್ತುವಾರಿಯೂ ನನ್ನದೇ. ಆ ಕೆಲಸದ ಜೊತೆಗೆ ಖರೀದಿ ಸಮಿತಿಯಲ್ಲಿ ಒಂದು ಕುರ್ಚಿ ಸಿಕ್ಕಿತು. ಕುರ್ಚಿ ಮಾತ್ರ, ಮಾತಾಡುವ ಹಕ್ಕು ಸಿಕ್ಕಿರಲಿಲ್ಲ.

ಸಮಿತಿಯಲ್ಲಿ ನಾವು ನಾಲ್ಕು ಜನ. ಟ್ರಸ್ಟಿನ ಕಾರ್ಯದರ್ಶಿ, ಕೊಬ್ಬರಿ ವ್ಯಾಪಾರದಲ್ಲಿ ಪಳಗಿದವರು; ನಮ್ಮ ಹಿರಿಯ ಡಾಕ್ಟರು; ಲೆಕ್ಕದ ಗುಮಾಸ್ತರು; ನಾನು. ಕಾರ್ಯದರ್ಶಿಗಳು ಕೊಟೇಶನ್ನುಗಳನ್ನು ಮೇಜಿನ ಮೇಲೆ ಹರಡಿ, ದರಗಳ ಮೇಲೆ ಬೆರಳಾಡಿಸಿ, ಎಲ್ಲಕ್ಕಿಂತ ಕಡಿಮೆ ಕಂಡಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಗೆ ಖರೀದಿ ಮುಗಿಯಿತು. ಆ ಸಾಮಾನು ಯಾರ ಮೈಗೆ ಹೋಗುತ್ತದೆ, ಹೋದ ಮೇಲೆ ಏನಾಗುತ್ತದೆ ಎಂದು ಕೇಳಿದವರಿಲ್ಲ. ಆದರೆ ಸಭೆಗೆ ವಡೆ ತರಿಸುವಾಗ ಮಾತ್ರ ಅವರ ಬುದ್ಧಿ ಬಲು ಚುರುಕು. "ಬಸ್ ಸ್ಟ್ಯಾಂಡ್ ಹತ್ರದ್ದು ಬೇಡ ಕಣಯ್ಯಾ. ರೇಟು ಕಮ್ಮಿ ನಿಜ, ತಿಂದ್ರೆ ಆಮೇಲೆ ಎದೆ ಉರೀತದೆ" ಎಂದು ಜವಾನನಿಗೆ ಹೇಳಿ ಕಳಿಸುತ್ತಿದ್ದರು. ವಡೆ ಹೋಗುತ್ತಿದ್ದುದು ಅವರ ಹೊಟ್ಟೆಗೆ, ಸೂಜಿ ಹೋಗುತ್ತಿದ್ದುದು ಬೇರೆಯವರ ಕೈಗೆ.

ಒಂದು ಸಲ ಡ್ರಿಪ್ ಹಾಕುವ ಸೂಜಿ ಬದಲಾಯಿತು. ಹೊಸದರ ದರ ಹಳೆಯದರ ಅರ್ಧ. ಮಾದರಿಗೆಂದು ಒಂದು ಪೊಟ್ಟಣ ನನ್ನ ಹತ್ತಿರ ಬಂತು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಬಿಚ್ಚಿಯೂ ನೋಡದೆ "ಸರಿ ಇದೆ" ಎಂದು ಬರೆದು ಸಹಿ ಹಾಕಿದೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು.

ಸೂಜಿಗಳು ವಾರ್ಡಿಗೆ ಬಂದವು. ತುದಿ ಮೊಂಡು. ಹೇಗೋ ಒಳಗೆ ಹೋದರೂ ಅದರ ಪ್ಲಾಸ್ಟಿಕ್ ಕೊಳವೆ ಚರ್ಮದ ಕೆಳಗೆ ಮಡಚಿಕೊಳ್ಳುತ್ತಿತ್ತು. ಒಬ್ಬೊಬ್ಬರಿಗೆ ಎರಡು ಮೂರು ಸಲ ಚುಚ್ಚಬೇಕಾಯಿತು. ಮಾರನೇ ದಿನ ನೋಡಿದರೆ ಕೈ ಕೆಂಪಗೆ ಊದಿರುತ್ತಿತ್ತು. ಯಾರಿಗೆ ಎಷ್ಟು ಸೂಜಿ ಬೇಕಾಯಿತು, ಯಾರ ಕೈ ಊದಿತು ಎಂದು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ.

ಹೀಗೆ ಎರಡು ತಿಂಗಳಾಗುವಷ್ಟರಲ್ಲಿ ಹಾರನಹಳ್ಳಿಯಿಂದ ಒಬ್ಬ ಹೆಂಗಸು ವಾಂತಿಭೇದಿಯೆಂದು ದಾಖಲಾದಳು. ಎರಡು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದವಳು. ಮೂರು ದಿನ ಡ್ರಿಪ್ ಹಾಕಿದೆವು. ವಾಂತಿಭೇದಿ ನಿಂತು ಮನೆಗೆ ಹೋದವಳು ನಾಲ್ಕನೇ ದಿನಕ್ಕೆ ವಾಪಸು ಬಂದಳು. ಬಲಗೈ ಮೊಣಕೈವರೆಗೆ ಊದಿತ್ತು, ಮುಷ್ಟಿ ಮಡಚಲು ಆಗುತ್ತಿರಲಿಲ್ಲ.

"ಈ ಕೈಯಾಗೆ ಹಾಲು ಎಂಗೆ ಕರೀಲಿ ಸಿಸ್ಟರಮ್ಮ? ಪಕ್ಕದ್ಮನೆಯವಳು ಕೂತ್ರೆ ಹಸ ಒದೀತದೆ. ಕೆಚ್ಚಲು ಬಾವು ಬಂದೈತೆ" ಎಂದಳು. ನಾನು ಔಷಧ ಹಚ್ಚುತ್ತಿದ್ದಾಗ ಮತ್ತೆ ಹೇಳಿದಳು, "ಬೇಜಾರು ಮಾಡ್ಕೋಬೇಡಿ, ನಮ್ಮ ಹಸೂಗೆ ಸೂಜಿ ಚುಚ್ಚೋ ಡಾಕ್ಟ್ರೇ ನಿಮಗಿಂತ ವಾಸಿ."

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಅವತ್ತೇ ಮೇಲೆ ಖರೀದಿ ಸಭೆ ಇತ್ತು. "ಬಾರವ್ವ, ಸೂಜಿ ಕೊಂಡವರು ಮೇಲಿದ್ದಾರೆ, ಅವರಿಗೇ ಹೇಳುವಂತೆ" ಎಂದು ಅವಳನ್ನು ಕರೆದುಕೊಂಡು ಮಹಡಿ ಹತ್ತಿದೆ.

ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದೆ. ಕಾರ್ಯದರ್ಶಿಗಳು ಅದನ್ನು ಬಿಚ್ಚಲಿಲ್ಲ.

"ಸೂಜಿದೇನ್ರೀ ತಪ್ಪು? ಎಲ್ಲಕ್ಕಿಂತ ಕಡ್ಮೆ ರೇಟಿಂದು, ನೋಡೇ ತಗೊಂಡಿರೋದು. ಚುಚ್ಚೋ ಕೈ ಸರಿ ಇರ್ಬೇಕು. ನಿಮ್ಮ ಹುಡುಗೀರಿಗೆ ಸ್ವಲ್ಪ ಟ್ರೇನಿಂಗ್ ಕೊಡಿ ಸಿಸ್ಟರ್" ಎಂದರು. ಜೀವನದಲ್ಲಿ ಒಂದು ಸೂಜಿಯನ್ನೂ ಹಿಡಿಯದ ಮಹಾನುಭಾವರು!

ನಾನೇ ನೋಟ್‌ಬುಕ್ ಬಿಚ್ಚಲು ಕೈ ಚಾಚಿದೆ. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅವಳು ಒಳಗೆ ಬಂದು ಊದಿದ ಕೈಯನ್ನು ವಡೆಯ ತಟ್ಟೆಯ ಪಕ್ಕದಲ್ಲೇ ಇಟ್ಟಳು.

"ಕಡ್ಮೇದು ಕಡ್ಮೇದು ಅಂತೀರಲ್ಲ ಸ್ವಾಮಿ, ನಂಗೆ ಮೂರು ಸೂಜಿ ಹಾಕವ್ರೆ. ಅದೆಂಗೆ ಕಡ್ಮೆ ಆಯ್ತದೆ?"

ಕಾರ್ಯದರ್ಶಿಗಳು ತಟ್ಟೆಯನ್ನು ಆ ಕಡೆಗೆ ಸರಿಸಿಕೊಂಡರು. ಗುಮಾಸ್ತರು ಮೆಲ್ಲಗೆ ನನ್ನ ನೋಟ್‌ಬುಕ್ ಎಳೆದುಕೊಂಡು, ಪುಟ ತಿರುವಿ, ಕೂಡಿ ಕಳೆದು, "ಸಾರ್, ಸೂಜಿ, ಮುಲಾಮು, ಜಾಸ್ತಿ ದಿನದ ಬೆಡ್ಡು ಎಲ್ಲಾ ಸೇರಿಸಿದ್ರೆ ಹಳೇದೇ ಅಗ್ಗ ಬೀಳುತ್ತೆ" ಎಂದರು. ಆಗ ನಮ್ಮ ಡಾಕ್ಟರು ಗಂಟಲು ಸರಿಮಾಡಿಕೊಂಡು, "ಹೌದು, ನಾನೂ ಗಮನಿಸಿದೀನಿ" ಎಂದರು. ಗಮನಿಸಿದ್ದರೆ ಎರಡು ತಿಂಗಳು ಬಾಯಲ್ಲಿ ಏನಿತ್ತು ಎಂದು ಕೇಳಬೇಕೆನಿಸಿತು. ಕೇಳುವುದೇನು, ಕಣ್ಣೆದುರಿಗೇ ವಡೆ ಅಗಿಯುತ್ತಿದ್ದರು.

ಹಳೆಯ ಸೂಜಿಯನ್ನೇ ತರಿಸುವುದೆಂದು ತೀರ್ಮಾನವಾಯಿತು. ಇನ್ನು ಮುಂದೆ ಯಾವ ಸಾಮಾನನ್ನೇ ಆಗಲಿ ಎರಡು ವಾರ ವಾರ್ಡಿನಲ್ಲಿ ಬಳಸಿ, ರೋಗಿಗಳಿಗೆ ಹೇಗಾಯಿತೆಂದು ಬರೆದುಕೊಂಡು, ಆಮೇಲೆ ದರದ ಮಾತು ಎಂದು ನಾನು ಹಟ ಹಿಡಿದೆ. ಅದನ್ನೂ ಒಪ್ಪಿದರು. ನಡಾವಳಿಯಲ್ಲಿ ಮಾತ್ರ ಅದು "ಮಾನ್ಯ ಕಾರ್ಯದರ್ಶಿಗಳ ದೂರದೃಷ್ಟಿಯ ಫಲವಾಗಿ" ಎಂದು ದಾಖಲಾಯಿತು. ಸಭೆ ಏಳುವಾಗ ಆ ದೂರದೃಷ್ಟಿಯವರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೂ ನಾಲ್ಕು ಪೆಟ್ಟಿಗೆ ಐತಲ್ಲ ಸಿಸ್ಟರ್, ಅದನ್ನ ಸ್ಪೆಷಲ್ ರೂಮಿಗೆ ಬೇಡ, ಜನರಲ್ ವಾರ್ಡಿಗೆ ಹಾಕಿ ಮುಗಿಸ್ಬಿಡಿ" ಎಂದರು. ನಾನು ಕೆಳಗಿಳಿದು ಬಂದು, ನಾಲ್ಕೂ ಪೆಟ್ಟಿಗೆಗಳ ಮೇಲೆ "ಬಳಸಲು ಯೋಗ್ಯವಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿ, ಸರಬರಾಜುದಾರರಿಗೆ ವಾಪಸು ಕಳಿಸಿದೆ. ಈ ಸಲ ಒಳಗೇನಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ತಿಂಗಳು ಕಳೆದ ಮೇಲೆ ಆ ಹೆಂಗಸು ಸಂತೆಗೆ ಬಂದವಳು ವಾರ್ಡಿಗೂ ಬಂದು ಹೋದಳು. ಕೈ ಪೂರ್ತಿ ವಾಸಿಯಾಗಿತ್ತು. ಹಸು ಹೇಗಿದೆ ಎಂದು ಕೇಳಿದೆ.

"ಒಂದು ಬತ್ತೋಯ್ತು ಕಣಮ್ಮ. ಮಾರ್ಬಿಟ್ಟೆ" ಎಂದಳು. ಅವಳ ದನಿಯಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ಹಾಲು ಕರೆಯಲಾಗದೆ ಹೋದ ಅಷ್ಟು ದಿನಗಳು ಯಾವ ಸಭೆಯ ಲೆಕ್ಕಕ್ಕೂ ಬರಲಿಲ್ಲ. ಬರಬೇಕಿತ್ತು ಎಂಬುದು ಅವಳಿಗೂ ಹೊಳೆದಿರಲಿಲ್ಲ. "ಬತ್ತೀನಿ, ಟೆಂಪೋ ಹೊಂಟೋಯ್ತದೆ" ಎಂದು ಸೆರಗು ಸಿಕ್ಕಿಸಿಕೊಂಡು ಬೇಗ ಬೇಗ ನಡೆದುಬಿಟ್ಟಳು.