ಗೆಲ್ಲುವ ಆಟ ಬಿಟ್ಟು ಎದ್ದವನು

ಪೀಡೆ, ಗಾಳಿ ಸೋಕುವುದು ಎಂದು ಯಾರಾದರೂ ಮಾತು ಶುರುಮಾಡಿದರೆ ಎದ್ದು ಟೀ ಕುಡಿಯಲು ಹೋಗುತ್ತಿದ್ದವನು ನಾನು. ಕೆಲಸವಿಲ್ಲದವರ ಹರಟೆ ಎಂದು ಎದುರಿಗೇ ಅಂದುಬಿಡುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ದೊಡ್ಡಬಳ್ಳಾಪುರದಲ್ಲಿ ಮಗ್ಗದವರಿಗೆ ಸೀರೆ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆಂದು ನಡುಮನೆಯಲ್ಲೇ ಒಂದು ಕಂಪ್ಯೂಟರ್ ಇದೆ. ಬಿಡುವಾದಾಗ ಅದರಲ್ಲಿ ಗುರುತಿಲ್ಲದ ಯಾರ ಜೊತೆಗೋ ಆನ್‌ಲೈನ್ ಚೆಸ್ ಆಡುತ್ತೇನೆ. ಆಮೇಲೆ ಆ ಆಟವನ್ನು ಸಾಫ್ಟ್‌ವೇರಿಗೆ ಹಾಕಿ ಎಲ್ಲಿ ಎಡವಿದೆ ಎಂದು ನೋಡುತ್ತೇನೆ. ಯಾರ ಕೈ ಮೇಲಾಗಿತ್ತು, ಯಾವ ನಡೆಗೆ ಎಷ್ಟು ಹೊತ್ತು ಯೋಚಿಸಿದೆ, ಎಲ್ಲವನ್ನೂ ಅದು ತೋರಿಸುತ್ತದೆ. ನನಗೊಂದು ಕೆಟ್ಟ ಚಾಳಿ, ಏನೂ ತೋಚದಿದ್ದಾಗ ಅಂಚಿನ ಕಾಲಾಳನ್ನು ಸುಮ್ಮನೆ ಮುಂದಕ್ಕೆ ತಳ್ಳುವುದು. ಪ್ರತಿ ಸಲವೂ ಅದಕ್ಕೆ ಕೆಂಪು ಗುರುತು ಬೀಳುತ್ತದೆ, ಆದರೂ ಬಿಟ್ಟಿಲ್ಲ.

ಕೆಲವು ವರ್ಷದ ಹಿಂದೆ ಒಂದು ಭಾನುವಾರ ದೊಡ್ಡಬೆಳವಂಗಲದಲ್ಲಿ ಸ್ನೇಹಿತನ ಮನೆ ಗೃಹಪ್ರವೇಶವಿತ್ತು. ನನ್ನ ಹೆಂಡತಿ ಸುಧಾ ಬರಲಿಲ್ಲ. ಆಗ ಒಂದೆರಡು ತಿಂಗಳಿಂದ ಅವಳು ಮಂಕಾಗಿದ್ದಳು, ಕೇಳಿದರೆ ಏನಿಲ್ಲ ಅನ್ನುತ್ತಿದ್ದಳು. ನಾನೊಬ್ಬನೇ ಬೈಕಿನಲ್ಲಿ ಹೋದೆ. ಪಂಕ್ತಿಯಲ್ಲಿ ಬಡಿಸಿ, ಊಟ ಮಾಡಿ, ಸಂಜೆಯವರೆಗೂ ಅಲ್ಲೇ ಇದ್ದೆ. ಅವರ ವಿಡಿಯೋದಲ್ಲೂ ಇದ್ದೇನೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಸುಧಾ ಬಾಗಿಲಲ್ಲೇ, ಮತ್ತೆ ಎಲ್ಲಿಗೆ ಹೋಗಿದ್ದಿರಿ ಎಂದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು. ಮತ್ತೆ ಅಂದರೇನು ಎಂದು ಕೇಳುವಷ್ಟರಲ್ಲಿ ಒಳಗೆ ಹೋದಳು. ಕಂಪ್ಯೂಟರ್ ಹಾಕಿಯೇ ಇತ್ತು. ಪಕ್ಕದಲ್ಲಿ ಕುಡಿದಿಟ್ಟ ಕಾಫಿ ಲೋಟ. ಪರದೆಯ ಮೇಲೆ, ನನ್ನ ಹೆಸರಿನಲ್ಲಿ, ಆ ಮಧ್ಯಾಹ್ನ ಆಡಿದ ಒಂದು ಆಟ.

ಸುಧಾಗೆ ಚೆಸ್ ಬರುವುದಿಲ್ಲ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಯಾವನೋ ಪಾಸ್‌ವರ್ಡ್ ಕದ್ದಿದ್ದಾನೆ ಎಂಬ ಸಿಟ್ಟಿನಲ್ಲೇ ಆ ಆಟವನ್ನು ಸಾಫ್ಟ್‌ವೇರಿಗೆ ಹಾಕಿದೆ. ಒಂದೊಂದೇ ನಡೆ ನೋಡುತ್ತಾ ಹೋದೆ. ಶುರುಮಾಡುವ ರೀತಿ ನನ್ನದು, ಕುದುರೆ ಇಡುವ ಮನೆ ನನ್ನದು. ನಡುವೆ ಕಾರಣವೇ ಇಲ್ಲದೆ ಅಂಚಿನ ಕಾಲಾಳು ಮುಂದೆ ಹೋಗಿತ್ತು, ಅದಕ್ಕೆ ಕೆಂಪು ಗುರುತೂ ಬಿದ್ದಿತ್ತು. ಆಮೇಲೆ ಎದುರಾಳಿ ಮಂತ್ರಿಯನ್ನೇ ಕಳೆದುಕೊಂಡಿದ್ದ. ಗೆದ್ದ ಹಾಗೇ ಲೆಕ್ಕ, ಚಿಕ್ಕ ಮಕ್ಕಳೂ ಮುಗಿಸಬಲ್ಲ ಆಟ. ಅಲ್ಲಿಂದ ಮುಂದೆ ಹತ್ತು ನಿಮಿಷ ಯಾವ ನಡೆಯೂ ಇಲ್ಲ. ನನ್ನ ಹೆಸರಿನಲ್ಲಿ ಆಡಿದವನು ಅಷ್ಟು ಹೊತ್ತು ಕಾಯಿಸಿ, ತಾನೇ ಸೋತೆ ಎಂದು ಒಪ್ಪಿಕೊಂಡು ಎದ್ದುಬಿಟ್ಟಿದ್ದಾನೆ.

ಅಡುಗೆಮನೆಗೆ ಹೋಗಿ, ಮಧ್ಯಾಹ್ನ ನಾನು ಎಷ್ಟು ಹೊತ್ತಿಗೆ ಬಂದೆ ಎಂದು ಕೇಳಿದೆ. ಊಟದ ಹೊತ್ತು ದಾಟಿತ್ತು ಎಂದಳು. ಊಟ ಆಗಿದೆ ಅಂದೆನಂತೆ, ಕಾಫಿ ಕೇಳಿದೆನಂತೆ. ನಾನು ಇಲ್ಲಿರಲೇ ಇಲ್ಲ ಕಣೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ಮಧ್ಯಾಹ್ನ ನಾನು ನಿಮಗೆ ಎಲ್ಲಾ ಹೇಳ್ಬಿಟ್ಟಿದ್ದೇ ಒಳ್ಳೇದಾಯ್ತು ಕಣ್ರೀ. ಗೊತ್ತಾದ್ರೆ ನನ್ನ ಬಿಟ್ಟೇಬಿಡ್ತೀರ ಅಂತ ಹೆದರ್ಕೊಂಡಿದ್ದೆ. ಆಟಾನೂ ಬಿಟ್ಟು ಕೈ ಹಿಡ್ಕೊಂಡ್ರಲ್ಲ, ಅಷ್ಟು ಸಾಕು ನಂಗೆ. ಇನ್ಯಾವತ್ತೂ ಆ ಮಾತು ಎತ್ತೋದು ಬೇಡ, ನೀವೇ ಅಂದ್ರಲ್ಲ."

ನಾನು ಹ್ಞೂಂ ಎಂದೆ. ನೀನು ಹೇಳಿದ್ದು ನನಗಲ್ಲ ಎಂದರೆ, ಅವಳ ಕೈ ಹಿಡಿದವನು ಯಾರೆಂದು ಇಬ್ಬರೂ ಹೆದರಿ ಸಾಯಬೇಕಿತ್ತು. ಆ ರಾತ್ರಿ ಅವಳು ಹಾಯಾಗಿ ಮಲಗಿದಳು. ನಾನು ಬಾಗಿಲಿನ ಚಿಲಕ ನೋಡುತ್ತಾ ಕೂತೆ.

ಅವಳು ಏನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಟ ಮಾತ್ರ ಹಾಗೇ ಇದೆ. ಎಷ್ಟೋ ಸಲ ತೆರೆದು ಆ ಹತ್ತು ನಿಮಿಷವನ್ನು ನೋಡಿದ್ದೇನೆ, ಸಾಫ್ಟ್‌ವೇರ್ ಅಲ್ಲಿ ಏನನ್ನೂ ಹೇಳುವುದಿಲ್ಲ. ಊರ ಹೊರಗೆ ಹೋದ ದಿನ ಮಧ್ಯಾಹ್ನ ಮನೆಗೆ ಫೋನ್ ಮಾಡುತ್ತೇನೆ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಲು ಧೈರ್ಯ ಸಾಲದೆ, ಅಡುಗೆ ಏನು ಎಂದು ಕೇಳಿ ಇಟ್ಟುಬಿಡುತ್ತೇನೆ.

ಮನಸ್ಸಿಗೆ ಬೇಜಾರಾದಾಗ ಸುಧಾ ಪಕ್ಕ ಬಂದು ಕೂತು, ಅವತ್ತಿನ ಹಾಗೆ ಒಂದು ಸಲ ಕೈ ಹಿಡಿದುಕೊಳ್ಳಿ ಅನ್ನುತ್ತಾಳೆ. ಹಿಡಿದುಕೊಳ್ಳುತ್ತೇನೆ. "ಹಿಂಗಲ್ಲ ಕಣ್ರೀ" ಅನ್ನುತ್ತಾಳೆ.