ಅಪ್ಪನ ಸ್ನಾನಕ್ಕೆ ಸಿಗದ ನೀರು

ನಮ್ಮಮ್ಮ ಮುನಿಶಾಮಮ್ಮ ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ನೋಡಿಲ್ಲ. ನಾನೂ ಅವಳ ಮಗಳೇ. ಅದಕ್ಕೇ ಇದನ್ನು ಖುಷಿಯಿಂದ ಹೇಳುತ್ತಿದ್ದೇನೆ.

ರಾಮಮೂರ್ತಿ ನಗರದಲ್ಲಿ ನಮ್ಮ ಹೊಲವೆಲ್ಲ ಸೈಟುಗಳಾದ ಮೇಲೆ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿ, ಒಂದು ಬೋರ್‌ವೆಲ್ ಕೊರೆಸಿದ್ದರು. ಅಪ್ಪನ ತಮ್ಮ ದೊಡ್ಡಮುನಿಯಪ್ಪ ಪಕ್ಕದಲ್ಲೇ ಇನ್ನೂ ಆಳದ ಬೋರ್ ಹಾಕಿಸಿ, ಟ್ಯಾಂಕರಿನಲ್ಲಿ ನೀರು ಮಾರತೊಡಗಿದ. ಬೀದಿಯವರೆಲ್ಲ ಕುಡಿಯುತ್ತಿದ್ದ ಸರ್ಕಾರಿ ಬೋರ್ ಬತ್ತಿಹೋಯಿತು.

2003ರ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ನಮ್ಮ ಮೋಟಾರು ಹಿಂದಿನ ದಿನವಷ್ಟೇ ಸುಟ್ಟಿತ್ತು. ಹೆಣಕ್ಕೆ ಸ್ನಾನ ಮಾಡಿಸಲು ನೀರಿಲ್ಲ. ಗೇಟಿನ ಮುಂದೆ ಚಿಕ್ಕಪ್ಪನ ಟ್ಯಾಂಕರ್ ತುಂಬಿ ನಿಂತಿತ್ತು. ಅಮ್ಮ ಎರಡು ಬಿಂದಿಗೆ ಕೇಳಿದಳು.

"ಇದು ಛತ್ರದ ಲೋಡು ಅತ್ತಿಗೆ, ಮದ್ವೆ ಮನೆಯವ್ರು ಕಾಯ್ತಾವ್ರೆ. ಇನ್ನೊಂದು ಲೋಡ್ ತುಂಬ್ಲಿ, ಕೊಡ್ತೀನಿ" ಅಂದುಬಿಟ್ಟ ಪಾಪಿ.

ಸ್ವಂತ ಅಣ್ಣನ ಹೆಣ ಕಣ್ರೀ! ಕೊನೆಗೆ ಬಾಡಿಗೆಗಿದ್ದ ಜಹನಾರಾ ಅಡುಗೆಗೆ ಹಿಡಿದಿಟ್ಟಿದ್ದ ನೀರನ್ನೇ ತಂದುಕೊಟ್ಟರು.

ತಿಥಿ ಮುಗಿಯುತ್ತಲೇ ಅಮ್ಮ ಶಿವಾಜಿನಗರದ ವಕೀಲ ಅಹ್ಮದ್ ಪಾಷಾ ಅವರ ಮುಂದೆ ಹೋಗಿ ಕೂತಳು. ಸರ್ಕಾರಿ ಕುಡಿಯುವ ನೀರಿನ ಬೋರಿಗೆ ಐನೂರು ಮೀಟರ್ ಒಳಗೆ, ಅನುಮತಿಯಿಲ್ಲದೆ ಯಾರೂ ಬೋರ್ ಕೊರೆಯುವಂತಿಲ್ಲ, ಮೊದಲೇ ಕೊರೆದದ್ದಾದರೂ ಸರ್ಕಾರಿ ಬೋರನ್ನು ಬತ್ತಿಸಿದರೆ ಮುಚ್ಚಿಸಬಹುದು ಎಂಬ ಕಾನೂನು ಬಂದಿದೆ ಎಂದು ಅವರು ಹೇಳಿದರು. ಚಿಕ್ಕಪ್ಪನ ಬೋರ್ ಮುಚ್ಚಿಸಿ ಎಂಬ ಅರ್ಜಿಗೆ ಅಮ್ಮ ಅಲ್ಲೇ ಹೆಬ್ಬೆಟ್ಟು ಒತ್ತಿದಳು.

ತಿಂಗಳುಗಟ್ಟಲೆ ಅಲೆಸಿದ ಮೇಲೆ ಅಧಿಕಾರಿ ಬಂದರು, ಟೇಪು ಹಿಡಿಸಿ ಅಳೆಸಿದರು. "ಅವ್ರ ಬೋರಿಗೆ ಅನುಮತಿ ಇಲ್ಲ, ಮುಚ್ಬೇಕು. ಆದ್ರೆ ಅಮ್ಮ, ನಿಮ್ದಕ್ಕೂ ಇಲ್ವಲ್ಲ! ಕಾನೂನು ಅವ್ರಿಗೊಂದು ನಿಮಗೊಂದು ಇಲ್ಲ" ಅಂದರು.

ಚಿಕ್ಕಪ್ಪ ಹಲ್ಲು ಕಿರಿದ. ಬಾಡಿಗೆಯೇ ನಮ್ಮ ಅನ್ನ. "ಬೇಡಮ್ಮ, ನೀರಿಲ್ದಿದ್ರೆ ಎಲ್ರೂ ಮನೆ ಖಾಲಿ ಮಾಡ್ತಾರೆ" ಎಂದು ಅವಳ ಸೆರಗು ಜಗ್ಗಿದೆ.

"ಮಾಡ್ಲಿ ಬಿಡೇ ಹಂಸ. ಮೊದ್ಲು ನಂದೇ ಮುಚ್ಚಿ ಸ್ವಾಮಿ. ಆಮೇಲೆ ಅವನ್ದು ಮುಚ್ಚೋದನ್ನ ನಾನು ಇಲ್ಲೇ ನಿಂತ್ಕೊಂಡು ನೋಡ್ತೀನಿ."

ನಿಂತೇ ನೋಡಿದಳು. ಜಹನಾರಾ ಒಬ್ಬರನ್ನು ಬಿಟ್ಟು ಬಾಡಿಗೆಯವರೆಲ್ಲ ಹೊರಟುಹೋದರು. ಎರಡು ವರ್ಷ ಗಂಜಿಯಲ್ಲೇ ದಿನ ತಳ್ಳಿದೆವು. ಆಮೇಲೆ ಒಳ್ಳೆಯ ಮಳೆಯಾಗಿ, ಸರ್ಕಾರಿ ಬೋರಿನಲ್ಲಿ ಮತ್ತೆ ನೀರು ಬಂತು.

ಈಗ ನೀರಿಗೆ ಚಿಕ್ಕಪ್ಪನೂ ಆ ಬೋರಿನ ನಲ್ಲಿಗೇ ಬರಬೇಕು. ಅವನ ಹೆಂಡತಿ ಬಂದರೆ ಅಮ್ಮ ಜಾಗ ಬಿಡುತ್ತಾಳೆ. ಅವನೇ ಬಂದರೆ ಮಾತ್ರ, ನಲ್ಲಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಫಳಫಳ ಹೊಳೆಯುವ ಬಿಂದಿಗೆಯನ್ನೇ ಮತ್ತೆ ಹುಣಸೇಹಣ್ಣು ಹಾಕಿ ಉಜ್ಜುತ್ತಾಳೆ.

"ಬಿಸ್ಲು ಅತ್ತಿಗೆ, ಬೇಗ" ಅನ್ನುತ್ತಾನೆ.

"ನಿಂತ್ಕೊಳಪ್ಪ. ಬೀದಿ ನೀರು, ನಿಂಗೂ ಸಿಗುತ್ತೆ."