ಆರುನೂರ ಹನ್ನೊಂದನೆಯ ಕಾರ್ಡು

ಕೊರೊನಾ ಮುಗಿದ ಮರುವರ್ಷ. ಆಗ ನಾನು ರಾಮದುರ್ಗದ ನೇಕಾರ ಓಣಿಯಲ್ಲಿ ಜಕಾರ್ಡ್ ಮಗ್ಗಗಳಿಗೆ ಕಾರ್ಡು ಹೊಡೆಯುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹಿಡಿದ ಆ ಕೆಲಸಕ್ಕೆ ನಲವತ್ತೊಂದು ವರ್ಷವಾಗಿತ್ತು. ಚಿತ್ತಾರ ಬರೆಯುವವನು ಗ್ರಾಫ್ ಹಾಳೆಯಲ್ಲಿ ಕರಿ ಬಿಳಿ ಮನೆ ತುಂಬಿ ಕೊಡುತ್ತಾನೆ. ಅದರ ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡು, ಕರಿ ಮನೆ ಇದ್ದಲ್ಲಿ ತೂತು. ಆ ತೂತು ನೋಡಿ ಮಗ್ಗ ಎಳೆ ಎತ್ತುತ್ತದೆ.

ಬೈಲಹೊಂಗಲದ ಕಾಲೇಜಿನಲ್ಲಿ ಗಣಿತ ಕಲಿಸುವ ಶಾಂತಾ ಮೇಡಂ ಒಂದು ಬೆಳಿಗ್ಗೆ ಇಂಗ್ಲೆಂಡಿನ ತಮ್ಮ ಗುರುಗಳನ್ನು ಕರೆತಂದರು. ಎತ್ತರದ, ತುಸು ಬಾಗಿದ ಮುದುಕರು. ಅವರ ತಂದೆ ಅಲ್ಲಿಯ ಬಟ್ಟೆ ಗಿರಣಿಯಲ್ಲಿ ನೇಕಾರರಾಗಿದ್ದರಂತೆ. ಮಗ ಸ್ಕಾಲರ್‌ಶಿಪ್ ಮೇಲೆ ಓದಿ, ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿ, ನಲವತ್ತು ವರ್ಷ ಒಂದೇ ಲೆಕ್ಕದ ಹಿಂದೆ ಬಿದ್ದಿದ್ದರು. ಸಣ್ಣದೊಂದು ನಿಯಮದಂತೆ ಒಂದು ಸಾಲಿನಿಂದ ಮುಂದಿನ ಸಾಲು ಹುಟ್ಟುವ ಚಿತ್ತಾರದ ಲೆಕ್ಕ ಅದು. ಅದನ್ನೇ ಬಟ್ಟೆಯಲ್ಲಿ ನೇಯಿಸಬೇಕಿತ್ತು. ಒಂದಡಿ ಅಗಲ, ನಾಲ್ಕಡಿ ಉದ್ದ, ಒಂಬೈನೂರ ಅರವತ್ತು ಕಾರ್ಡು.

ನೇಯುವವಳು ಗಂಗವ್ವ. ಆಕೆಯ ಬಾಯಿ ಸುಮ್ಮನಿರುವುದಿಲ್ಲ. "ಇಷ್ಟ ದೂರದಿಂದ ಬಂದು ಕರಿ ಬಿಳಿ ಮನಿ ಎಣಸ್ತಾರಲ್ಲ, ಹೇಣ್ತಿ ಬೈಯಂಗಿಲ್ಲೇನ್ರಿ?"

ಮೇಡಂ ಅದನ್ನು ಇಂಗ್ಲಿಷಿನಲ್ಲಿ ಹೇಳಿ, ಉತ್ತರ ತಂದರು. "ನಲವತ್ತು ವರ್ಷ ಬೈದ್ಲಂತ. ಈಗ ಬೈಯಾಕ ಯಾರೂ ಇಲ್ಲ, ಅದಕ್ಕ ನಿನ್ನ ಹತ್ತಿರ ಬಂದೇನಿ ಅಂತಾರ."

ಗಂಗವ್ವ ಲಾಳಿ ಕೆಳಗಿಟ್ಟು ನಕ್ಕಳು.

ಹೊರಡುವಾಗ ಮೇಡಂ ನನ್ನನ್ನು ಬದಿಗೆ ಕರೆದರು. "ಕಾಕಾ, ಸರ್‌ಗೆ ಎಪ್ಪತ್ತೆಂಟು. ಹೆಸರು ಮರಿಯಾಕ ಹತ್ಯಾವು, ತಲಿ ಕೈ ಕೊಡ್ತೈತೇನೋ ಅಂತ ಅಂಜ್ಯಾರ. ಅದನ್ನ ನೋಡಾಕನ ಕಂಪ್ಯೂಟರ್ ಮುಟ್ಟದ ಇದನ್ನ ಕೈಲೆ ಬರದಾರ. ಸರಿ ಬಂತಂದ್ರ ಬರೂ ತಿಂಗಳ ಕಡೀ ಉಪನ್ಯಾಸ ಕೊಡ್ತಾರ, ಪುಸ್ತಕಾನೂ ಮುಗಸ್ತಾರ."

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಗ್ರಾಫ್‌ನಲ್ಲಿ ತಪ್ಪು ಕಂಡರೆ ಕಾರ್ಡಿನವನು ಸದ್ದಿಲ್ಲದೆ ತಿದ್ದಿಬಿಡುತ್ತಾನೆ. ಬಾಯಿಬಿಟ್ಟು ಹೇಳಿದರೆ ಬರೆದವನಿಗೆ ಅವಮಾನ. ಹೂವು ಬಂದಂತೆಯೇ ಮತ್ತೆ ಬರಬೇಕು, ಬರದಿದ್ದರೆ ತಪ್ಪು. ನನ್ನ ಗುರು ಕಲಿಸಿದ್ದು ಇಷ್ಟೇ.

ಆರುನೂರ ಹನ್ನೊಂದನೆಯ ಸಾಲಿಗೆ ಬಂದಾಗ ಕೈ ನಿಂತಿತು. ಮೂರು ಸಲ ಸರಿಯಾಗಿ ಬಂದಿದ್ದ ಹೂವು ನಾಲ್ಕನೆಯ ಸಲ ಒಂದು ಮನೆ ಸರಿದಿತ್ತು. ಪಾಪ, ಮುದುಕರು ಇಲ್ಲಿ ಮರೆತಿದ್ದಾರೆ, ನಾನು ತಿದ್ದಿದರೆ ಅವರ ಮರ್ಯಾದೆ ಉಳಿಯುತ್ತದೆ ಅಂದುಕೊಂಡೆ. ವಿಲಾಯತಿಯ ಪ್ರೊಫೆಸರರ ತಪ್ಪು ಹಿಡಿದೆನೆಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಅಲ್ಲಿಂದ ಮುಂದಿನ ಮುನ್ನೂರ ಐವತ್ತು ಕಾರ್ಡನ್ನೂ ಹಿಂದಿನ ಹೂವಿಗೆ ಹೊಂದಿಸಿ ಹೊಡೆದೆ. ಬೈಲಹೊಂಗಲಕ್ಕೆ ಒಂದು ಫೋನ್ ಮಾಡಲಿಲ್ಲ.

ನೇಯ್ದ ಪಟ್ಟಿಯನ್ನು ಹೊರಸಿನ ಮೇಲೆ ಹಾಸಿದಾಗ ಪ್ರೊಫೆಸರರು ಮಗುವಿನ ಮೈ ಸವರಿದಂತೆ ಸವರಿದರು. ಆಮೇಲೆ ಕನ್ನಡಕ ಏರಿಸಿ ಸಾಲು ಸಾಲಾಗಿ ಬೆರಳಾಡಿಸುತ್ತ ಬಂದರು. ಬೆರಳು ಅದೇ ಜಾಗದಲ್ಲಿ ನಿಂತಿತು.

ಮೇಡಂ ನನ್ನ ಕಡೆ ತಿರುಗಿದರು. "ಕಾಕಾ, ಈ ಚಿತ್ತಾರ ಎಂದೂ ತಿರುಗಿ ಬರಬಾರದು. ಅದನ್ನ ತೋರಸಾಕನ ಸರ್ ಜೀವನಾ ತೇಯ್ದಾರ. ನೀವು ಗ್ರಾಫ್‌ನ್ಯಾಗ ಇದ್ದಂಗನ ಹೊಡದೀರಿ?"

ಗಂಗವ್ವ ಪಕ್ಕದಲ್ಲೇ ಇದ್ದಳು. ಓಣಿಯಲ್ಲಿ ನನ್ನ ಕಾರ್ಡಿಗೆ ಹೆಸರಿತ್ತು. "ಇದ್ದಂಗನ ಹೊಡದೇನ್ರಿ" ಅಂದೆ.

"ಗ್ರಾಫ್ ಎಲ್ಲೈತಿ?"

"ಸುಟ್ಟೇನ್ರಿ. ಮಂದಿ ಚಿತ್ತಾರ ಕದೀಬಾರದಂತ ನಾವು ಸುಟ್ಟ ಬಿಡ್ತೇವಿ."

ರೂಢಿ ನಿಜ. ಆದರೆ ಬೇರೆ ಪ್ರತಿಯಿಲ್ಲದ ಆ ಗ್ರಾಫ್ ನನ್ನ ಟ್ರಂಕಿನಲ್ಲೇ ಇತ್ತು.

ಪ್ರೊಫೆಸರರು ಪಟ್ಟಿ ಮಡಿಚಿ, ನನ್ನ ಕೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದು ಏನೋ ಅಂದರು. ಮೇಡಂ ಬೇರೆ ಕಡೆ ನೋಡುತ್ತ ಹೇಳಿದರು: "ನೇಕಾರರದು ತಪ್ಪಿಲ್ಲ, ತಪ್ಪು ನಂದು ಅಂತಾರ."

ಅವರು ಕಡೆಯ ಉಪನ್ಯಾಸ ಕೊಡಲಿಲ್ಲ. ಮತ್ತೆ ಲೆಕ್ಕ ಹಾಕಿ ನೋಡುವ ಧೈರ್ಯವನ್ನೂ ಮಾಡಲಿಲ್ಲವಂತೆ. ಪುಸ್ತಕದ ಹಾಳೆಗಳನ್ನು ಕಟ್ಟಿ ಕಪಾಟಿಗೆ ಸೇರಿಸಿದರಂತೆ. ಎರಡನೆಯ ಚಳಿಗಾಲದಲ್ಲಿ ತೀರಿಕೊಂಡರೆಂದು ಮೇಡಂ ಫೋನಿನಲ್ಲಿ ಹೇಳಿದರು.

ಮರುದಿನವೇ ಟ್ರಂಕಿನಿಂದ ಗ್ರಾಫ್ ತೆಗೆದುಕೊಂಡು ಸವದತ್ತಿ ಮೇಲೆ ಹೋಗುವ ಬಸ್ಸು ಹಿಡಿದು ಬೈಲಹೊಂಗಲಕ್ಕೆ ಹೋದೆ. ಎಲ್ಲವನ್ನೂ ಹೇಳಿದೆ. ಮೇಡಂ ಬೈಯಲಿಲ್ಲ. ಹಾಳೆ ಬಿಡಿಸಿ, ಪೆನ್ಸಿಲ್ ಹಿಡಿದು ಮೊದಲ ಸಾಲಿನಿಂದ ಲೆಕ್ಕ ನೋಡತೊಡಗಿದರು. ನಾನು ಎದುರಿಗೆ ಕೂತೇ ಇದ್ದೆ. ಒಂಬೈನೂರ ಅರವತ್ತನೆಯ ಸಾಲು ಮುಗಿಯುವ ಹೊತ್ತಿಗೆ ಇಳಿಹೊತ್ತಾಗಿತ್ತು.

"ಒಂದೂ ತಪ್ಪಿಲ್ಲ," ಅಂದರು. ಹಾಳೆ ಮಡಿಚುತ್ತ, "ಅವತ್ತ ಈ ಒಂದ ಮಾತು ಸಾಕಿತ್ತು, ಕಾಕಾ" ಅಂದರು.

ಈಗ ಕಸುಬು ಬಿಟ್ಟಿದ್ದೇನೆ. ಆ ಮುನ್ನೂರ ಐವತ್ತು ಕಾರ್ಡುಗಳನ್ನು ಮಾತ್ರ ಹೊಸದಾಗಿ ಹೊಡೆದೆ. ಒಂದೊಂದನ್ನೂ ಗ್ರಾಫಿಗೆ ತಾಳೆ ನೋಡಿದ್ದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಗಂಗವ್ವ ನೇಯ್ದು ಕೊಟ್ಟ ಪಟ್ಟಿ ಮೇಡಂ ಅವರ ತರಗತಿಯ ಗೋಡೆಯ ಮೇಲಿದೆ. ನನಗೆ ತಿಳಿಯದ್ದು ಕಂಡಾಗ ತಪ್ಪೆನ್ನುವ ಮೊದಲು ಎದ್ದು ಹೋಗಿ ಕೇಳಬೇಕಿತ್ತು. ನನ್ನ ತಪ್ಪು ಕಂಡಾಗಲಾದರೂ ಬಾಯಿ ಬಿಡಬೇಕಿತ್ತು. ಇಷ್ಟು ವರ್ಷದ ಕಸುಬು ಕೊನೆಗೆ ಕಲಿಸಿದ್ದು ಇದನ್ನೇ. ಕಲಿಯುವ ಹೊತ್ತಿಗೆ, ತಪ್ಪು ತನ್ನದೆಂದು ನಂಬಿಯೇ ಒಬ್ಬರು ಹೋಗಿಬಿಟ್ಟಿದ್ದರು.